ಕಣ್ಣಿಗೆ ಎಷ್ಟು ಬಿಸಿ?

ಸಂಜೆಯಾಯಿತು. ಸಿ.ವಿ. ರಾಮನ್ ನಗರದ ನಮ್ಮ ಕಲಿಕಾ ಕೇಂದ್ರಕ್ಕೆ ಎಲ್ಲರೂ ಬಂದರು. ಹೂವಿನ ಅಕ್ಕ ಮಾತ್ರ ಪುಸ್ತಕ ತೆರೆಯಲಿಲ್ಲ.

"ಯಾಕಕ್ಕಾ, ಸಪ್ಪಗಿದ್ದೀರಿ?" ಎಂದು ಕೇಳಿದೆ.

"ನನಗೆ ಸಕ್ಕರೆ ಕಾಯಿಲೆ ಅಲ್ವಾ ಟೀಚರಮ್ಮ? ಅದು ಕಣ್ಣಿಗೂ ಬಂದಿದೆಯಂತೆ. ಲೇಸರ್ ಹಾಕಬೇಕು ಅಂದ್ರು ಡಾಕ್ಟ್ರು. ಕಣ್ಣೇ ಸುಟ್ಟುಹೋದ್ರೆ ಏನು ಗತಿ? ಈಗ ತಾನೇ ಓದೋಕೆ ಕಲಿತಿದ್ದೀನಿ."

ಅಂದು ಅದೇ ನಮ್ಮ ಪಾಠವಾಯಿತು.

ನಮ್ಮ ಬಡಾವಣೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ಅವರು ಬೆಳಕಿನ ಗುಣವನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಬಹುಮಾನ ಪಡೆದರು. ಲೇಸರ್ ಕೂಡ ಬೆಳಕೇ. ಚೆದುರದೆ ಒಂದೇ ಕಡೆ ಬೀಳುವ ಬಲವಾದ ಬೆಳಕು. ಮೊದಲ ಲೇಸರ್ ಬಂದದ್ದು 1960ರಲ್ಲಿ.

ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಪರದೆ ಇದೆ. ಅದರ ಹೆಸರು ಅಕ್ಷಿಪಟಲ. ಸಕ್ಕರೆ ಕಾಯಿಲೆಯಿಂದ ಅಲ್ಲಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಸೋರುತ್ತವೆ. ಡಾಕ್ಟರು ಅಲ್ಲಿಗೆ ಲೇಸರ್ ಚುಕ್ಕಿಗಳನ್ನು ಇಡುತ್ತಾರೆ. ಒಂದು ಚುಕ್ಕಿಗೆ ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು, ಇಲ್ಲವೇ ಇನ್ನೂ ಕಡಿಮೆ ಹೊತ್ತು ಸಾಕು. ಪರದೆಯ ಹಿಂದಿನ ಕಪ್ಪು ಪದರ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿಯೇ ಔಷಧ.

"ಬಿಸಿ ಜಾಸ್ತಿ ಆದ್ರೆ?" ಅಕ್ಕ ಕೇಳಿದರು.

"ರೇಷ್ಮೆ ಸೀರೆಗೆ ಇಸ್ತ್ರಿ ಹಾಕ್ತೀವಲ್ಲ, ಹಾಗೇ. ಬಿಸಿ ಸಾಲದಿದ್ದರೆ ಸುಕ್ಕು ಹೋಗಲ್ಲ. ಹೆಚ್ಚಾದರೆ ಸೀರೆ ಸುಡುತ್ತೆ. ಅದಕ್ಕೇ ಲೆಕ್ಕ ಬೇಕು."

ಆದರೆ ಬದುಕಿರುವವರ ಕಣ್ಣಿನೊಳಗೆ ಥರ್ಮಾಮೀಟರ್ ಇಡಲು ಆಗುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಣ್ಣಿನ ಚಿತ್ರ ಮಾಡುತ್ತಾರೆ. ಚುಕ್ಕಿ ರಂಗೋಲಿಯ ಹಾಗೆ ಅದನ್ನು ಸಾವಿರಾರು ಚಿಕ್ಕ ಭಾಗ ಮಾಡುತ್ತಾರೆ. ಒಂದು ಭಾಗ ಬಿಸಿಯಾದರೆ ಪಕ್ಕದ್ದಕ್ಕೆ ಎಷ್ಟು ಬಿಸಿ ಹೋಯಿತು? ಹಿಂದೆ ಹರಿಯುವ ರಕ್ತ ಎಷ್ಟು ಬಿಸಿಯನ್ನು ಹೊತ್ತುಕೊಂಡು ಹೋಯಿತು? ಕಂಪ್ಯೂಟರ್ ಇದನ್ನೆಲ್ಲ ಲೆಕ್ಕ ಹಾಕುತ್ತದೆ. ಮೊದಲ ಚುಕ್ಕಿ ಆರುವ ಮುಂಚೆ ಪಕ್ಕದಲ್ಲೇ ಇನ್ನೊಂದು ಇಟ್ಟರೆ ಎರಡರ ಬಿಸಿಯೂ ಕೂಡುತ್ತದೆ. ಬೆಳಕು ಎಷ್ಟು ಬಲವಾಗಿರಬೇಕು, ಎಷ್ಟು ಹೊತ್ತು ಬೀಳಬೇಕು, ನಡುವೆ ಎಷ್ಟು ಬಿಡುವು ಕೊಡಬೇಕು ಎಂದು ತಿಳಿಯಲು ಈ ಲೆಕ್ಕ ನೆರವಾಗುತ್ತದೆ.

ಇದು ದೂರದ ದೇಶದ ಮಾತಲ್ಲ. ಚೆನ್ನೈನ ಐ.ಐ.ಟಿ.ಯ ಅರುಣ್ ನರಸಿಂಹನ್ ಮತ್ತು ಜೊತೆಗಾರರು ಇಂಥ ಲೆಕ್ಕ ಮಾಡಿ 2010ರಲ್ಲಿ ಪ್ರಕಟಿಸಿದರು. ಕಣ್ಣಿನ ಡಾಕ್ಟರೊಬ್ಬರೂ ಅವರ ಜೊತೆಗಿದ್ದರು.

"ಹಾಗಾದ್ರೆ ಹೋದ ದೃಷ್ಟಿ ವಾಪಸ್ ಬರುತ್ತಾ?"

"ಸಾಮಾನ್ಯವಾಗಿ ಬರಲ್ಲ ಅಕ್ಕ. ಉಳಿದಿರೋದನ್ನ ಕಾಪಾಡೋಕೆ ಲೇಸರ್. ಕೆಲವರಿಗೆ ಇಂಜೆಕ್ಷನ್ ಕೊಡ್ತಾರೆ. ಯಾವುದು ಬೇಕು ಅಂತ ಡಾಕ್ಟರೇ ಹೇಳಬೇಕು. ತಡ ಮಾತ್ರ ಮಾಡಬೇಡಿ."

ಈ ಕಾಯಿಲೆ ಮೊದಮೊದಲು ನೋವು ಕೊಡುವುದಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಲೇ ಇರುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಬೇಕು. ನಮ್ಮ ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ.

ಅಕ್ಕ ಸೆರಗಿನ ಗಂಟು ಬಿಚ್ಚಿ ಆಸ್ಪತ್ರೆ ಚೀಟಿ ತೆಗೆದರು. ಬೆರಳಿಟ್ಟು ಓದಿದರು: "ಬ-ಲ-ಗ-ಣ್ಣು. ಸೋ-ಮ-ವಾ-ರ." ಆಮೇಲೆ ತಲೆಯೆತ್ತಿ ನಕ್ಕರು. "ಸೋಮವಾರ ಹೂವು ಮಾರಲ್ಲ, ಟೀಚರಮ್ಮ. ಆಸ್ಪತ್ರೆಗೆ ಹೋಗ್ತೀನಿ."

ಉತ್ತರ ಹೇಳಿ:
1. ಅಕ್ಷಿಪಟಲ ಎಲ್ಲಿದೆ?
2. ಬಿಸಿ ಹೆಚ್ಚಾದರೆ ಏನಾಗುತ್ತದೆ? ಸಾಲದಿದ್ದರೆ?
3. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ? ಅವರು ಯಾವಾಗ ಕಣ್ಣು ತೋರಿಸಿದರು?

ಬರೆಯಿರಿ: ಬೆಳಕು, ಬಿಸಿ, ರಕ್ತನಾಳ, ಅಕ್ಷಿಪಟಲ.