ಅಜ್ಜನಿಗೆ ಎರಡು ಹುಟ್ಟುವರ್ಷ

ಪ್ರಶ್ನೆ: ನಮ್ಮೂರು ಸೋಲಾಪುರ ಕಡೆಯ ಕಂದಲಗಾಂವ. ವಂಶಾವಳಿ ಬರೆಯಲು ಕೂತಿದ್ದೇನೆ. ಅಜ್ಜನ ಶಾಲೆಯ ದಾಖಲಾದಲ್ಲಿ ಹುಟ್ಟಿದ ದಿನ 1-6-1931, ಅಡ್ಡಹೆಸರು ಬಿರಾಜದಾರ. ಕೋತವಾಲ ಬುಕ್ಕಿನ ನಕಲು ನೋಡಿದರೆ ಅವರ ತಂದೆಗೆ 1928ರಲ್ಲಿ ಗಂಡು ಮಗು. 1947ರ ಫೇರಫಾರದಲ್ಲಿ ಅಜ್ಜನ ಹೆಸರಿಗೆ ‘ಅ.ಪಾ.ಕ.’ ಎಂದು ಹಚ್ಚಿದ್ದಾರೆ. ವಿಜಯಪುರ ಕಡೆಯ ದಾಯಾದಿಗಳು ಬಿರಾದಾರ ಅಂತ ಬರೆದುಕೊಳ್ಳುತ್ತಾರೆ. ಯಾವುದನ್ನು ಖರೆ ಅಂತ ಹಿಡಿಯಲಿ?

ಉತ್ತರ: ಅಡ್ಡಹೆಸರಿನ ಚಿಂತೆ ಬಿಡಿ. ನಿಮ್ಮ ಕಡೆ ದಫ್ತರ ಬರೆದವರು ಮರಾಠಿ ರೂಢಿಯಂತೆ ಬಿರಾಜದಾರ ಎಂದರು, ಆ ಕಡೆಯವರು ಬಿರಾದಾರ ಎಂದರು. 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಬಂತು, ಸೋಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಆಮೇಲೆ ಎರಡೂ ಬರವಣಿಗೆ ಅಲ್ಲಲ್ಲೇ ಗಟ್ಟಿಯಾದವು. ವಂಶಾವಳಿಯಲ್ಲಿ ಎರಡನ್ನೂ ಬರೆಯಿರಿ, ತಿದ್ದಲು ಹೋಗಬೇಡಿ.

ಜೂನ್ 1ನ್ನಂತೂ ನಂಬಲೇಬೇಡಿ. ಶಾಲೆ ಶುರುವಾಗುವುದು ಜೂನಿನಲ್ಲಿ. ಹುಡುಗನನ್ನು ಕರೆತಂದವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಮಾಸ್ತರರು ಅಳತೆ ನೋಡಿ ವರ್ಷ ಹಾಕಿ, ಜೂನ್ 1 ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನೌಕರಿ ಮಾಡಿದ ಎಷ್ಟೋ ಹಿರಿಯರು ಮೇ 31ಕ್ಕೇ ನಿವೃತ್ತರಾದದ್ದು ಈ ಮಾಸ್ತರರ ಕೃಪೆ! ವರ್ಷ ಒಂದೆರಡು ಆಚೀಚೆ ಇರಬಹುದು. ಆದರೆ ಮಾಸ್ತರರು ಮಗುವನ್ನು ಕಣ್ಣಾರೆ ಕಂಡು ಅಂದಾಜು ಮಾಡಿದ್ದಾರೆ ಎಂಬುದನ್ನು ಮರೆಯಬೇಡಿ.

ಹಾಗಾದರೆ 1928 ಖರೆಯೇ? ಇಲ್ಲೇ ಅವಸರ ಬೇಡ. ಕೋತವಾಲ ಬುಕ್ಕು, ಅಂದರೆ ಗಾವ ನಮುನಾ 14, ಹುಟ್ಟು ಸಾವು ನಡೆದ ಹೊತ್ತಿಗೇ ಬರೆದದ್ದು, ತಾರೀಖಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆದರೆ ತೊಟ್ಟಿಲಿಗೆ ಹಾಕುವ ಮೊದಲೇ ನೋಂದಾಯಿಸಿದ ಮಗುವಿಗೆ ಹೆಸರೆಲ್ಲಿಯದು? ತಂದೆಯ ಹೆಸರು, ‘ಮುಲಗಾ’ (ಗಂಡು ಮಗು) ಎಂಬ ಒಂದು ಮಾತು, ಅಷ್ಟೇ. ಆ ಮಗು ನಿಮ್ಮ ಅಜ್ಜನೇ ಎಂದು ಕಾಗದ ಹೇಳುತ್ತಿಲ್ಲ, ನೀವು ಹೇಳುತ್ತಿದ್ದೀರಿ.

ಈಗ ಫೇರಫಾರ, ಅಂದರೆ ಜಮೀನಿನ ಹಕ್ಕು ಕೈಬದಲಾದ ನೋಂದಣಿ, ನೋಡಿ. ಅ.ಪಾ.ಕ. ಎಂದರೆ ಅಜ್ಞಾನ ಪಾಲನ ಕರ್ತಾ. ವಾರಸುದಾರ ಇನ್ನೂ ಅಪ್ರಾಪ್ತ, ಅವನ ಪರವಾಗಿ ತಾಯಿಯೋ ಕಾಕನೋ ನೋಡಿಕೊಳ್ಳುತ್ತಾರೆ ಎಂದರ್ಥ. 1928ರ ಮಗು 1947ಕ್ಕೆ 18 ದಾಟಿರುತ್ತದೆ, 1931ರ ಮಗುವಿಗೆ 16 ಆಗಿರುತ್ತದೆ. ನನಗೆ ಅನ್ನಿಸುವುದಿಷ್ಟು: 1928ರ ಕೂಸು ನಿಮ್ಮ ಅಜ್ಜನ ಅಣ್ಣ, ಬಹುಶಃ ಎಳೆಯದರಲ್ಲೇ ತೀರಿಕೊಂಡವನು. ಮನೆಯಲ್ಲಿ ಯಾರೂ ಅವನ ಸುದ್ದಿ ಎತ್ತಿರಲಿಕ್ಕಿಲ್ಲ. ತಹಸೀಲ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅದೇ ಬುಕ್ಕಿನ ಮೃತ್ಯು ನೋಂದಣಿಯನ್ನು 1928ರಿಂದ ಮುಂದಕ್ಕೆ, ಜನ್ಮ ನೋಂದಣಿಯನ್ನು 1930ರಿಂದ 1932ರವರೆಗೆ ತೆಗೆಸಿ. ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆದರೆ ಇದೇ ಫೇರಫಾರದಿಂದ ಮುತ್ತಜ್ಜನ ಸಾವಿನ ವರ್ಷ ತೆಗೆಯಬೇಡಿ. 1947 ಊರ ಲೆಕ್ಕ ಬರೆಯುವ ತಲಾಠಿಗೆ ವರ್ದಿ ಮುಟ್ಟಿದ ವರ್ಷ. ಸತ್ತು ಎಷ್ಟೋ ವರ್ಷದ ಮೇಲೆ, ಸೊಸೈಟಿ ಸಾಲವೋ ಜಗಳವೋ ಬಂದಾಗ ವಾರಸ ಹಚ್ಚಿಸುವುದು ಊರ ಪದ್ಧತಿ. ಜಮೀನಿನ ಉತಾರದಲ್ಲಿ ಒಬ್ಬನ ಹೆಸರೇ ಇದೆ, ಅಂದಮೇಲೆ ಅಣ್ಣತಮ್ಮಂದಿರಿರಲಿಲ್ಲ ಎಂದೂ ತಿಳಿಯಬೇಡಿ. ಹೆಸರಿನ ಮುಂದೆ ‘ಎ.ಕು.ಮ್ಯಾ.’ ಇದ್ದರೆ ಅವನು ಏಕತ್ರ ಕುಟುಂಬದ ಮ್ಯಾನೇಜರ, ಉಳಿದವರು ಅವನ ಬೆನ್ನಹಿಂದಿದ್ದಾರೆ. ಹೆಣ್ಣುಮಕ್ಕಳ ಹೆಸರು ಬೇಕೆಂದರೆ ಹಕ್ಕಸೋಡ ಪತ್ರ ಹುಡುಕಿ. ಆಸ್ತಿಯಿಂದ ಅವರನ್ನು ಕೈಬಿಡಿಸಲಿಕ್ಕಾದರೂ ಹೆಸರು ಬರೆಯಲೇಬೇಕಿತ್ತಲ್ಲ.

ವಂಶಾವಳಿ ಹೇಳುವ ಹೆಳವರು ನಿಮ್ಮ ಮನೆಗೆ ಬರುತ್ತಿದ್ದರೆ ಅವರ ಪುಸ್ತಕದ ಮಾತನ್ನೂ ಬರೆದುಕೊಳ್ಳಿ. ಮನೆತನ ಯಾವ ಊರಿಂದ ಬಂತು, ಯಾವ ಬೆಡಗು ಎಂಬುದಕ್ಕೆ ಅವರು ಬೇಕು, ತಾರೀಖಿಗಲ್ಲ. ದಾಯಾದಿಗಳೆಲ್ಲ ವಾಟ್ಸಾಪಿನಲ್ಲಿ ಕಳಿಸಿದ ಒಂದೇ ವಂಶಾವಳಿಯ ನಾಲ್ಕು ಪ್ರತಿಗಳು ನಾಲ್ಕು ಸಾಕ್ಷಿಗಳಾಗುವುದಿಲ್ಲ, ಮೊದಲು ಬರೆದವನು ತಪ್ಪಿದ್ದರೆ ನಾಲ್ಕೂ ತಪ್ಪು.

ಮುಂದೆ ಅಜ್ಜಿಯ ತವರಿನ ಕಾಗದ ಹುಡುಕುವಾಗ, ಆ ತವರು ಅಕ್ಕಲಕೋಟ, ಆಳಂದ ಕಡೆಯದಾದರೆ, ಇಸವಿಯ ತೊಡಕು ಬಂದೀತು. ಅಕ್ಕಲಕೋಟ 1948ರವರೆಗೆ ಭೋಸಲೆಯವರ ಸಂಸ್ಥಾನ, ಪಕ್ಕದ ಆಳಂದ ನಿಜಾಮರದು. ಅಲ್ಲಿನ ಕಾಗದದಲ್ಲಿ ಶಕ ವರ್ಷ ಕಂಡರೆ ಇಸವಿಗೆ 78 ಕೂಡಿಸಿ, ಯುಗಾದಿಗೆ ಮುಂಚಿನ ಜನವರಿ-ಮಾರ್ಚಿಗೆ 79. ಫಸಲಿ ವರ್ಷ ಕಂಡರೆ 590. ಶಕ 1850, ಫಸಲಿ 1338 ಎರಡೂ 1928ರ ಸುತ್ತಲಿನವೇ. ಕೂಡಿಸಿದ ಲೆಕ್ಕದ ಪಕ್ಕದಲ್ಲಿ ಮೂಲದಲ್ಲಿ ಇದ್ದ ಅಂಕಿಯನ್ನೂ ಬರೆದಿಡಿ.