ಬೆಳೆ ಆರಿಸಿದರೆ ಅದರ ತಳಿ ಮಾತ್ರ ಬರಲಿ

ಫಾರ್ಮ್ ತುಂಬಿದರೆ ತಾನೇ ತಯಾರಾಗುವ ನನ್ನ ಬಿಲ್‌ನಲ್ಲಿ ಒಮ್ಮೆ ಬಾಳೆಯ ಮುಂದೆ ‘ಬಾದಾಮಿ’ ಅಂತ ಮಾವಿನ ತಳಿ ಬಿತ್ತು. ಖರೀದಿದಾರರು ಹಣ ತಡೆದರು. ಎಲ್ಲ ತಳಿಗಳನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದ್ದೇ ತಪ್ಪು. ಗೂಗಲ್ ಫಾರ್ಮ್ಸ್‌ನಲ್ಲಿ ಹೀಗೆ ಮಾಡಿ:

1. ‘ಬೆಳೆ’ ಪ್ರಶ್ನೆ ಡ್ರಾಪ್‌ಡೌನ್ ಆಗಿರಲಿ, ಕಡ್ಡಾಯವೂ ಆಗಿರಲಿ.
2. ಬಾಳೆಗೊಂದು, ಮಾವಿಗೊಂದು ಸೆಕ್ಷನ್ ಸೇರಿಸಿ, ಅಲ್ಲಿ ಆಯಾ ತಳಿ ಮಾತ್ರ ಹಾಕಿ.
3. ಬೆಳೆ ಪ್ರಶ್ನೆಯ ಮೂರು ಚುಕ್ಕಿ ಒತ್ತಿ, ಉತ್ತರದ ಪ್ರಕಾರ ಸೆಕ್ಷನ್‌ಗೆ ಹೋಗುವ ಆಯ್ಕೆ ಹಾಕಿ, ಒಂದೊಂದು ಬೆಳೆಗೂ ಅದರ ಸೆಕ್ಷನ್ ಜೋಡಿಸಿ.
4. ಬಾಳೆ ಸೆಕ್ಷನ್ ಕೆಳಗೆ ‘ಫಾರ್ಮ್ ಸಲ್ಲಿಸಿ’ ಆರಿಸಿ. ಮರೆತರೆ ಮಾವಿನ ಪ್ರಶ್ನೆಯೂ ಬರುತ್ತೆ.

ಶೀಟ್‌ನಲ್ಲಿ ಬಾಳೆ ತಳಿ, ಮಾವಿನ ತಳಿ ಬೇರೆಬೇರೆ ಕಾಲಂಗೆ ಬೀಳುತ್ತವೆ. ಬಿಲ್ ಟೆಂಪ್ಲೇಟ್‌ನಲ್ಲಿ ಎರಡರ ಗುರುತನ್ನೂ ಪಕ್ಕಪಕ್ಕ ಇಡಿ. ಖಾಲಿ ಇರೋದು ಕಾಣಲ್ಲ. ಬಳಸೋ ಮುಂಚೆ ಎರಡೂ ಬೆಳೆಗೆ ಒಂದೊಂದು ಬಿಲ್ ತೆಗೆದು ನೋಡಿ.