ಸಂಬಳ ಎಷ್ಟು? ಉಳಿಕೆ ಎಷ್ಟು?



ಹರಿಯಬ್ಬೆ ಹಿರಿಯೂರು ತಾಲ್ಲೂಕಿನ ಊರು. ನಮ್ಮದು ಮಳೆ ಕಮ್ಮಿ ಇರುವ ಸೀಮೆ. ಶೇಂಗಾ ಬಿತ್ತುತ್ತೇವೆ. ಮಳೆ ಬಂದರೆ ಬೆಳೆ. ಬರದಿದ್ದರೆ ಕೂಲಿ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಮಳೆ ನಂಬಿ ಬದುಕುವುದು ಎಷ್ಟು ಕಷ್ಟ ಎಂದು ಇದರಿಂದ ತಿಳಿಯುತ್ತದೆ.

ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. ನೆಲಮಂಗಲ ದಾಟಿದರೆ ಪೀಣ್ಯ. ಅಲ್ಲಿ ಗಾರ್ಮೆಂಟ್ಸ್ ಐತೆ, ಕಾರ್ಖಾನೆ ಐತೆ. ನಮ್ಮ ಕಡೆಯ ಎಷ್ಟೋ ಜನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೋಗಿದ್ದಾರೆ.

"ಅಲ್ಲಿ ಸಂಬಳ ಜಾಸ್ತಿ, ನಾವೂ ಹೋಗೋಣ" ಅಂತಾರೆ ಕೆಲವರು. "ಅಲ್ಲಿ ನೀರಿಗೂ ಕಾಸು, ಇಲ್ಲೇ ಇರೋಣ" ಅಂತಾರೆ ಇನ್ನು ಕೆಲವರು. ಯಾರ ಮಾತು ನಿಜ? ಎರಡೂ ನಿಜ. ಹಾಗಾದರೆ ತೀರ್ಮಾನ ಹೇಗೆ? ಈಗ ನಮಗೆ ಓದು ಬರಹ ಬಂದಿದೆ. ಲೆಕ್ಕ ಬರೆದು ನೋಡೋಣ.

ಹಳ್ಳಿಯ ಖರ್ಚು, ಪಟ್ಟಣದ ಖರ್ಚು

2023-24ರಲ್ಲಿ ಸರ್ಕಾರದವರು ದೇಶದ ಎರಡೂವರೆ ಲಕ್ಷಕ್ಕೂ ಹೆಚ್ಚು ಮನೆಗಳ ಖರ್ಚು ಬರೆದುಕೊಂಡರು. ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ ಸರಾಸರಿ 4,122 ರೂಪಾಯಿ ಖರ್ಚು. ಪಟ್ಟಣದಲ್ಲಿ 6,996 ರೂಪಾಯಿ. ವ್ಯತ್ಯಾಸ 2,874 ರೂಪಾಯಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ತಿಂಗಳಿಗೆ 11,496 ರೂಪಾಯಿ ವ್ಯತ್ಯಾಸ!

ಯಾಕೆ ಹೀಗೆ? ಪಟ್ಟಣದಲ್ಲಿ ಬೆಲೆ ಹೆಚ್ಚು. ಕೊಳ್ಳುವ ಪದಾರ್ಥವೂ ಹೆಚ್ಚು. ಊರಲ್ಲಿ ಇರೋದು ಸ್ವಂತ ಮನೆ. ಹಿತ್ತಲಲ್ಲಿ ನುಗ್ಗೆ ಸೊಪ್ಪು ಐತೆ. ಹೊಲದಲ್ಲಿ ಸೌದೆ ಐತೆ. ಎಮ್ಮೆ ಇದ್ದರೆ ಹಾಲು, ಮಜ್ಜಿಗೆಗೆ ಕೊರತೆ ಇಲ್ಲ. ಇದಕ್ಕೆ ನಾವು ಕಾಸು ಕೊಡಲ್ಲ. ದುಡಿಮೆ ಕೊಡುತ್ತೇವೆ. ಸೌದೆ ಹೊರುವವರು ಯಾರು? ಎಮ್ಮೆ ಕರೆಯುವವರು ಯಾರು? ಹೆಂಗಸರೇ. "ನಾನೇನೂ ಸಂಪಾದನೆ ಮಾಡಲ್ಲ" ಎಂದು ಯಾವ ಅಕ್ಕನೂ ಹೇಳಬಾರದು. ಉಳಿಸಿದ ಖರ್ಚೂ ಸಂಪಾದನೆಯೇ.

ಒಂದು ಮಾದರಿ ಲೆಕ್ಕ

ಗಂಡ, ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ ಎಂದುಕೊಳ್ಳೋಣ. ಇದು ಕಲಿಯಲು ಮಾಡಿದ ಲೆಕ್ಕ. ನಿಮ್ಮ ಮನೆ ಲೆಕ್ಕ ಬೇರೆ ಇರುತ್ತದೆ.

ಬೆಂಗಳೂರಿನಲ್ಲಿ ಒಂದು ತಿಂಗಳು:
ಇಬ್ಬರ ಸಂಬಳ – 26,000
ಮನೆ ಬಾಡಿಗೆ – 7,000
ದಿನಸಿ, ತರಕಾರಿ – 8,000
ಹಾಲು – 1,500
ಗ್ಯಾಸು, ನೀರು, ಕರೆಂಟು – 2,000
ಬಸ್ಸು, ಫೋನು – 1,500
ಶಾಲೆ, ಔಷಧಿ – 3,000
ಒಟ್ಟು ಖರ್ಚು – 23,000
ಉಳಿಕೆ – 3,000

ಊರಿನಲ್ಲಿ ಒಂದು ತಿಂಗಳು:
ಬೆಳೆ ಮತ್ತು ಕೂಲಿ – 14,000
ಮನೆ ಬಾಡಿಗೆ – ಇಲ್ಲ
ದಿನಸಿ, ತರಕಾರಿ – 5,500
ಎಮ್ಮೆಗೆ ಹಿಂಡಿ – 500
ಗ್ಯಾಸು, ಕರೆಂಟು – 1,000
ಬಸ್ಸು, ಫೋನು – 1,000
ಶಾಲೆ, ಔಷಧಿ – 2,000
ಒಟ್ಟು ಖರ್ಚು – 10,000
ಉಳಿಕೆ – 4,000

ನೋಡಿದಿರಾ? ಸಂಬಳ ಅಲ್ಲಿ ಹೆಚ್ಚು. ಉಳಿಕೆ ಇಲ್ಲಿ ಹೆಚ್ಚು. ಆದರೆ ಇಷ್ಟಕ್ಕೇ ನಿಲ್ಲಬೇಡಿ. ಮಳೆ ಕೈಕೊಟ್ಟ ವರ್ಷ ಊರಿನ ಆದಾಯ 8,000ಕ್ಕೆ ಇಳಿಯಿತು ಎನ್ನಿ. ಆಗ ತಿಂಗಳಿಗೆ 2,000 ಸಾಲ. ಬೆಂಗಳೂರಿನಲ್ಲೂ ಒಬ್ಬರ ಕೆಲಸ ಹೋದರೆ ಸಾಲವೇ. ಕೆಲಸ ನಿಲ್ಲಬಹುದು, ಬಾಡಿಗೆ ನಿಲ್ಲಲ್ಲ. ಅದಕ್ಕೇ ಒಳ್ಳೆಯ ತಿಂಗಳ ಲೆಕ್ಕ ಒಂದು, ಕೆಟ್ಟ ತಿಂಗಳ ಲೆಕ್ಕ ಒಂದು, ಎರಡೂ ಬರೆಯಬೇಕು.

ದುಡ್ಡಿನಲ್ಲಿ ಕಾಣದ ಲೆಕ್ಕ

ನೀರು: ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲು ಕಲೆ ಕಟ್ಟುತ್ತದೆ, ಮೂಳೆ ನೋಯುತ್ತದೆ. ನೀರು ಕುದಿಸಿದರೂ ಅದು ಹೋಗಲ್ಲ. ಬೆಂಗಳೂರಿನಲ್ಲೂ ನೀರಿನ ಕಷ್ಟ ಐತೆ. 2024ರ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಕೊಳವೆಬಾವಿ ಬತ್ತಿದವು.

ಆಸ್ಪತ್ರೆ: ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆ ಹತ್ತಿರ. ನಮಗೆ ಹಿರಿಯೂರಿಗೋ ಚಿತ್ರದುರ್ಗಕ್ಕೋ ಓಡಬೇಕು.

ಮಕ್ಕಳು: ಊರಲ್ಲಿ ಅಜ್ಜಿ ನೋಡಿಕೊಳ್ಳುತ್ತಾಳೆ. ಅಲ್ಲಿ ತಾಯಿ ಕೆಲಸಕ್ಕೆ ಹೋದರೆ ಮಗು ಯಾರ ಹತ್ತಿರ? ದೊಡ್ಡ ಹುಡುಗಿಯ ಶಾಲೆ ಬಿಡಿಸಿ ಕೂರಿಸಬೇಕಾ? ಹಾಗೆ ಮಾಡಿದರೆ ಅದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಮುದುಕರು: ಅತ್ತೆ ಮಾವ ಊರಲ್ಲೇ ಉಳಿದರೆ ಅವರಿಗೆ ಅನ್ನ, ಔಷಧಿ ಕೊಡುವವರು ಯಾರು?

ಹೋಗುವುದಾದರೆ ತಿಳಿದಿರಲಿ

1. ಬಾಡಿಗೆ ಮನೆಗೆ ಹಲವು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಬಡ್ಡಿ ಸಾಲ ತಂದು ಕೊಟ್ಟರೆ ಉಳಿಕೆ ಎಲ್ಲ ಬಡ್ಡಿಗೇ ಹೋಗುತ್ತದೆ.
2. ರೇಷನ್ ಕಾರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ರೇಷನ್ ಪಡೆಯಬಹುದು.
3. ಗಾರ್ಮೆಂಟ್ಸ್ ಸಂಬಳದಲ್ಲಿ ಪಿ.ಎಫ್., ಇ.ಎಸ್.ಐ. ಹಿಡಿಯುತ್ತಾರೆ. ಪಿ.ಎಫ್. ನಮ್ಮದೇ ಹಣ. ಇ.ಎಸ್.ಐ. ಇದ್ದರೆ ಆಸ್ಪತ್ರೆ ಖರ್ಚಿಗೆ, ಹೆರಿಗೆ ರಜೆಗೆ ಆಸರೆ. ಸಂಬಳದ ಚೀಟಿ ಕೇಳಿ ಪಡೆಯಿರಿ. ಓದಿ ನೋಡಿ.
4. ಕರ್ನಾಟಕದ ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮೊದಲು ಹೋಗಿ ಬಾಡಿಗೆ, ಕೆಲಸ, ಶಾಲೆ ವಿಚಾರಿಸಿ ಬನ್ನಿ. ಆಮೇಲೆ ಸಾಮಾನು ಕಟ್ಟಿ.

ಹೋಗುವುದೂ ತಪ್ಪಲ್ಲ, ಇರುವುದೂ ತಪ್ಪಲ್ಲ. ಲೆಕ್ಕ ಹಾಕದೆ ಹೊರಡುವುದು ತಪ್ಪು. ಗಂಡ ಹೆಂಡತಿ ಇಬ್ಬರೂ ಕೂತು ಲೆಕ್ಕ ಬರೆಯಿರಿ. ಪೆನ್ನು ನಿಮ್ಮ ಕೈಯಲ್ಲೂ ಇರಲಿ.

ಹೊಸ ಪದಗಳು
ಸರಾಸರಿ – ಎಲ್ಲರ ಖರ್ಚು ಕೂಡಿಸಿ ತಲೆಗೆ ಇಷ್ಟು ಎಂದು ಭಾಗ ಮಾಡಿದ್ದು
ಉಳಿಕೆ – ಖರ್ಚು ಕಳೆದ ಮೇಲೆ ಕೈಯಲ್ಲಿ ಮಿಕ್ಕಿದ್ದು
ವ್ಯತ್ಯಾಸ – ಹೆಚ್ಚು ಕಡಿಮೆ

ಉತ್ತರ ಹೇಳಿ
1. ಮಾದರಿ ಲೆಕ್ಕದಲ್ಲಿ ಉಳಿಕೆ ಎಲ್ಲಿ ಹೆಚ್ಚು? ಎಷ್ಟು ಹೆಚ್ಚು?
2. ಬೆಂಗಳೂರಿನ ಬಾಡಿಗೆ 9,000 ಆದರೆ ಉಳಿಕೆ ಎಷ್ಟು?
3. ಕಾಸು ಕೊಡದೆ ನಿಮ್ಮ ಮನೆಗೆ ಬರುವ ಐದು ಪದಾರ್ಥ ಬರೆಯಿರಿ. ಅದನ್ನು ತರುವವರು ಯಾರು?
4. ನಿಮ್ಮ ಮನೆಯ ಈ ತಿಂಗಳ ಆದಾಯ, ಖರ್ಚು, ಉಳಿಕೆ ಬರೆಯಿರಿ.